ಮುಮ್ಮಡಿ ಕೃಷ್ಣರಾಜ ಒಡೆಯರೂ 1799ನೆಯ ಕೌಲುಪತ್ರದ ಎರಡು ಮಾತುಗಳೂ

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕ್ರಿ. ಶ. 1794ನೆಯ ಜುಲೈ 14ರಂದು ಶ್ರೀರಂಗಪಟ್ಟಣದಲ್ಲಿ ಜನಿಸಿದರು. ಎರಡು ವರ್ಷ ತುಂಬುವುದರೊಳಗೆ, 1796ರಲ್ಲಿ, ತಂದೆ ಚಾಮರಾಜ ಒಡೆಯರು ಕಾಲವಾದರು. ಟೀಪೂ ಸುಲ್ತಾನನು ಬೇರೊಬ್ಬ ಅರಸನನ್ನು ಪಟ್ಟದಲ್ಲಿ ಕುಳ್ಳಿರಿಸದೆ, ಹೆಸರಿಗಾದರೂ ನಡೆದುಬಂದಿದ್ದ ಆ ಪದ್ಧತಿಯನ್ನು ಅಲ್ಲಿಗೇ ನಿಲ್ಲಿಸಿದನು. ಈ ಶಿಶುವಿಗೆ ರಾಜ್ಯವು ದೊರೆತುದಕ್ಕೆ ಕಾರಣವನ್ನು ಹುಡುಕುವವನು ಈಜಿಪ್ಟಿನವರೆಗೂ ದೃಷ್ಟಿಯನ್ನು ಹರಿಸಬೇಕಾಗುತ್ತದೆ. 1798ರಲ್ಲಿ ಅಲ್ಲಿ ಬಂದಿಳಿದ ನೆಪೋಲಿಯನ್ ಬೋನಪಾರ್ಟನು ಮರುವರ್ಷದ ಜನವರಿಯಲ್ಲಿ ಕೈರೋವಿನಿಂದ ಟೀಪುವಿಗೆ ಒಂದು ಪತ್ರವನ್ನು ಬರೆದನು. ಅದು ಸುಲ್ತಾನನನ್ನು ಮುಟ್ಟದೆ ಇಂಗ್ಲಿಷರ ಕೈಸೇರಿತು. ಪತ್ರವು ತಲಪದಿದ್ದರೂ ಫ್ರೆಂಚರ ಭಯವು ಕಲ್ಕತ್ತೆಗೆ ಎಂದೋ ತಲಪಿದ್ದಿತು.

ಯುದ್ಧದ ಗತಿಯು ಈಗಿನ ಮಂಡ್ಯದ ಜಿಲ್ಲೆಯಲ್ಲಿಯೇ ನಿರ್ಣೀತವಾಯಿತು. ಮದ್ದೂರಿನ ಹೊಳೆಯ ಬಳಿ ಬೀಡುಬಿಟ್ಟಿದ್ದ ಟೀಪುವು ಅಲ್ಲಿಂದ ಹೊರಟು 1799ನೆಯ ಮಾರ್ಚಿ 27ರಂದು ಮಳವಳ್ಳಿಯಲ್ಲಿ ದಳಪತಿ ಹ್ಯಾರಿಸನ ಸೈನ್ಯವನ್ನು ಎದುರಿಸಿ ಹಿಮ್ಮೆಟ್ಟಿದನು. ಹ್ಯಾರಿಸನು ಸೋಸಲೆಯ ಬಳಿ ಕಾವೇರಿಯನ್ನು ದಾಟಿದನು. ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು. ಮಳವಳ್ಳಿಯಲ್ಲಿ ನಿಜಾಮನ ಸೈನ್ಯದೊಡನೆ ನಿಂತು ಕಾದಿದ ಆರ್ಥರ್ ವೆಲ್ಲೆಸ್ಲಿಯೇ 16 ವರ್ಷಗಳ ತರುವಾಯ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್ ಪ್ರಭು.

ಇನ್ನು ಪ್ರಕೃತ ವಿಷಯ. ಜೂನ್ 22ರಂದು ಕಂಪೆನಿಗೂ ನಿಜಾಮನಿಗೂ ರಾಜ್ಯವಿಭಾಗದ ಒಪ್ಪಂದವಾಯಿತು. ಮೈಸೂರಿನಲ್ಲಿ ಪ್ರತ್ಯೇಕವಾದ ಸರಕಾರವಿರತಕ್ಕದ್ದೆಂದು ಅದರಲ್ಲಿ ನಿಶ್ಚಯವಾಯಿತೇ ಹೊರತು, ಬಾಲರಾಜನು ಅದರಲ್ಲಿ ಪಕ್ಷಗಾರನಾಗಿರಲಿಲ್ಲ. ಶ್ರೀರಂಗಪಟ್ಟಣದ ಕೋಟೆಯೂ ದ್ವೀಪವೂ ಕಂಪೆನಿಯ ಪಾಲಾದುವು. ಜೂನ್ 30ರಂದು ಮೈಸೂರಿನಲ್ಲಿ ಪಟ್ಟಾಭಿಷೇಕವು ನಡೆದು, ಜುಲೈ 8ರಂದು ರಾಜರೊಡನೆ ಬೇರೊಂದು ಕೌಲಾಯಿತು. ವರ್ಷಕ್ಕೆ 7 ಲಕ್ಷ ವರಹಗಳನ್ನು ಕಂಪೆನಿಯ ಸೈನ್ಯದ ವೆಚ್ಚಕ್ಕಾಗಿ ಕೊಡತಕ್ಕದ್ದು. ಆ ಹಣಕ್ಕೆ ಕುಂದು ಬರುವ ಶಂಕೆ ತೋರಿದರೆ, ಅದಕ್ಕೆ ಅವಶ್ಯವಾದ ಒಂದು ಭಾಗವನ್ನೋ ಕೆಲವು ಭಾಗಗಳನ್ನೋ ಕಂಪೆನಿಯು ತನ್ನ ಆಡಳಿತಕ್ಕೆ ತೆಗೆದುಕೊಳ್ಳಬಹುದು. ಈ ಕೌಲು ಸೂರ್ಯಚಂದ್ರರಿರುವವರೆಗೂ ಉಭಯರನ್ನೂ ಬಂಧಿಸತಕ್ಕದ್ದೆಂದು ಪೀಠಿಕೆಯಲ್ಲಿದೆ. ಒಡೆಯರ ಜೀವಿತದ ವ್ಯವಹಾರವೆಲ್ಲವೂ ಈ ಎರಡು ಮಾತುಗಳ ಅರ್ಥವನ್ನೇ ಸುತ್ತಿಕೊಂಡಿದೆ.

ಅದೇ ಕಾಲದ ಜರ್ಮನಿಯ ಒಬ್ಬ ಕಿರಿಯ ಅರಸನ ಚರಿತ್ರೆಯು ಇದಕ್ಕೆ ಆಶ್ಚರ್ಯಕರವಾಗಿ ಹೋಲುತ್ತದೆ. ಷ್ವಾರ್ಟ್ಸ್‌ಬುರ್ಗ್ ರೂಡೊಲ್ಷ್ಟಾಟ್ ಎಂಬ ಸಣ್ಣ ಸಂಸ್ಥಾನದ ಫ್ರೀಡ್ರಿಷ್ ಗ್ಯುಂಟರನು 1793ರಲ್ಲಿ ಹುಟ್ಟಿ, 1807ರಲ್ಲಿ ತಂದೆಯನ್ನು ಕಳೆದುಕೊಂಡು, ತಾಯಿಯ ಪೋಷಕತ್ವದಲ್ಲಿ ಪಟ್ಟಕ್ಕೆ ಬಂದನು. ಆ ವರ್ಷವೇ ಸಂಸ್ಥಾನವು ನೆಪೋಲಿಯನ್ನನ ರಕ್ಷಣೆಯಲ್ಲಿದ್ದ ರೈನ್ ಒಕ್ಕೂಟಕ್ಕೆ ಸೇರಿ, ಸೈನ್ಯವನ್ನು ಒದಗಿಸುವ ಹೊಣೆಗೆ ಒಳಪಟ್ಟಿತು. ಆತನೂ ದೀರ್ಘಕಾಲ ಆಳಿ 1867ರಲ್ಲಿ ಮೃತನಾದನು. ಭೇದವಿಷ್ಟೆ: ಅಲ್ಲಿ ರಕ್ಷಕನೇ ಬಿದ್ದುದರಿಂದ ಕರಾರೂ ಬಿದ್ದಿತು, ಇಲ್ಲಿ ರಕ್ಷಕನು ಬೆಳೆಯುತ್ತ ಹೋದನು.

ರಾಜರ ಬಾಲ್ಯದಲ್ಲಿ ರಾಣಿ ಲಕ್ಷ್ಮಮ್ಮಣ್ಣಿಯವರು ಅರಮನೆಗೆ ಹಿರಿಯರಾಗಿದ್ದರು. ಟೀಪುವಿನ ಅಮಾತ್ಯನಾಗಿದ್ದ ಪೂರ್ಣಯ್ಯನೇ ಹೊಸ ಸರಕಾರದ ದಿವಾನನಾಗಿ 1811ರವರೆಗೆ ಆಳಿದನು. 1823ರಲ್ಲಿ ಕೆಂಪು ನಾರಾಯಣನು ಮುದ್ರಾಮಂಜೂಷವನ್ನು ಬರೆದಾಗ, ನಂದರ ಅಮಾತ್ಯನಾದ ರಾಕ್ಷಸನು ಕೊನೆಗೆ ಚಂದ್ರಗುಪ್ತನ ಮಂತ್ರಿಪದವಿಯನ್ನು ಒಪ್ಪುವ ಕಥೆಯನ್ನು ಓದಿದ ಮೈಸೂರಿಗರಿಗೆ ಪೂರ್ಣಯ್ಯನ ನೆನಪು ಬಾರದೆ ಇದ್ದೀತೆ? ಕವಿಯ ಮನಸ್ಸಿನಲ್ಲಿ ಅದಿತ್ತೆಂದು ಸಾಧಿಸುವುದು ಮಾತ್ರ ಸಾಹಸವಾದೀತು.

1830ರಲ್ಲಿ ನಗರದ ಸೀಮೆಯಲ್ಲಿ ರೈತರು ದಂಗೆಯೆದ್ದರು. 1831ರ ಅಕ್ಟೋಬರಿನಲ್ಲಿ ಗೌರ್ನರ್ ಜನರಲ್ ಬೆಂಟಿಂಕನು ಸಮಗ್ರ ರಾಜ್ಯವನ್ನೂ ಕಂಪೆನಿಯ ವಶಕ್ಕೆ ತೆಗೆದುಕೊಂಡನು. ಕೌಲಿನಲ್ಲಿದ್ದುದು ಭಾಗವೆಂಬ ಮಾತು, ನಡೆದುದು ಸರ್ವಸ್ವಗ್ರಹಣ. ಈ ಅಂತರವು ಬೆಂಟಿಂಕನಿಗೂ ಕಾಣದೆ ಹೋಗಲಿಲ್ಲ. ವಿಚಾರಣಾಮಂಡಲಿಯ ವರದಿಯು ಬಂದ ಮೇಲೆ 1834ರಲ್ಲಿ ಆತನೇ ಮೈಸೂರು, ಮಂಜರಾಬಾದು, ಅಷ್ಟಗ್ರಾಮ ಈ ಭಾಗಗಳನ್ನು ರಾಜರಿಗೆ ಹಿಂದಿರುಗಿಸಬೇಕೆಂದು ಸೂಚಿಸಿದನು. ಮಂಡ್ಯದ ನಾಡು ಅಷ್ಟಗ್ರಾಮಕ್ಕೆ ಸೇರಿದುದರಿಂದ, ಆ ಸೂಚನೆಯು ಕೈಗೂಡಿದ್ದರೆ ಈ ಸೀಮೆಯವರು ಮತ್ತೆ ಒಡೆಯರ ಪ್ರಜೆಗಳಾಗುತ್ತಿದ್ದರು. ಲಂಡನ್ನಿನ ಡೈರೆಕ್ಟರುಗಳು ಒಪ್ಪಲಿಲ್ಲ.

ಎರಡನೆಯ ಮಾತಿನ ಮೇಲಣ ವಾದವು ಇನ್ನೂ ಗಂಭೀರವಾದುದು. 1856ರಲ್ಲಿ ಡಾಲ್‌ಹೌಸಿಯು ಒಂದು ಟಿಪ್ಪಣಿಯನ್ನು ಬರೆದು, ಕೌಲಿನಲ್ಲಿ ರಾಜರ ವಾರಸುದಾರರ ಮಾತೇ ಇಲ್ಲವಾದುದರಿಂದ ರಾಜ್ಯದಾನವು ಆ ವ್ಯಕ್ತಿಗೆ ಮಾತ್ರ ಸೇರಿದುದೆಂದು ಪ್ರತಿಪಾದಿಸಿದನು. ಒಡೆಯರಿಗೆ ಔರಸಪುತ್ರರು ಉಳಿದಿರಲಿಲ್ಲ. ಕನ್ನಡ ಶಾಸನಗಳಲ್ಲಿ ಪುತ್ರಪೌತ್ರ ಪಾರಂಪರ್ಯವೆಂಬ ಮಾತೂ ಆಚಂದ್ರಾರ್ಕವೆಂಬ ಮಾತೂ ಜೊತೆಜೊತೆಯಾಗಿ ಬರುವುದು ಶಾಸನಪರಿಚಿತರಿಗೆ ವಿದಿತವೇ. ಮೊದಲನೆಯದು ಭೋಗಿಸುವವರನ್ನೂ ಎರಡನೆಯದು ಭೋಗದ ಕಾಲವನ್ನೂ ಹೇಳುತ್ತದೆ. 1799ರ ಕೌಲಿನಲ್ಲಿ ಎರಡನೆಯದು ಮಾತ್ರ ಇದೆ. ಆದರೆ ಯಾವ ಮನುಷ್ಯನೂ ಸೂರ್ಯಚಂದ್ರರಿರುವವರೆಗೆ ಬದುಕುವುದಿಲ್ಲವಷ್ಟೆ. ಹಗಲು ಉಣ್ಣದ ದೇವದತ್ತನು ಕೊಬ್ಬಿದ್ದರೆ ರಾತ್ರಿ ಉಣ್ಣುತ್ತಾನೆಂದು ಮೀಮಾಂಸಕರು ಅರ್ಥಾಪತ್ತಿಯಿಂದ ಸಾಧಿಸುವಂತೆ, ಕಾಲದ ಮಾತಿನಿಂದಲೇ ಸಂತತಿಯ ಮಾತೂ ಸಿದ್ಧಿಸುತ್ತದೆ. ಸಂತತಿಯನ್ನು ಒಪ್ಪದಿದ್ದರೆ ಪೀಠಿಕೆಯ ವಾಕ್ಯವು ನಿರರ್ಥಕವಾಗುತ್ತದೆ. ಬರೆದ ಪದವನ್ನು ವ್ಯರ್ಥಗೊಳಿಸುವ ವ್ಯಾಖ್ಯಾನವು ಯಾವ ಶಾಸ್ತ್ರಕ್ಕೂ ಸಮ್ಮತವಲ್ಲ. ಡಾಲ್‌ಹೌಸಿಯು ಇಲ್ಲದ ಪದವನ್ನು ಎಣಿಸಿದನು, ಇದ್ದ ಪದವನ್ನು ಬಿಟ್ಟನು.

ರಾಜರು ಈ ನಡುವೆ ಸುಮ್ಮನಿರಲಿಲ್ಲ. ಆಳ್ವಿಕೆಯು ಕೈತಪ್ಪಿದ ಮೇಲೂ ವಿದ್ವಾಂಸರನ್ನು ಪೋಷಿಸಿದರು; ಶ್ರೀತತ್ತ್ವನಿಧಿಯಂತಹ ಸಚಿತ್ರ ಗ್ರಂಥವು ಅವರ ಆಶ್ರಯದಲ್ಲಿಯೇ ಸಿದ್ಧವಾಯಿತು. ಕಂಪೆನಿಗೂ ಮಹಾರಾಣಿಯವರ ಸರಕಾರಕ್ಕೂ ರಾಜ್ಯವನ್ನು ಹಿಂದಿರುಗಿಸಬೇಕೆಂದು ಪದೇ ಪದೇ ಬರೆದುಕೊಂಡರು. 1865ರಲ್ಲಿ ಚಾಮರಾಜೇಂದ್ರರನ್ನು ದತ್ತುತೆಗೆದುಕೊಂಡರು. ಕಲ್ಕತ್ತೆಯ ಸರಕಾರವು ಅದನ್ನು ರಾಜ್ಯಕ್ಕೆ ಸಂಬಂಧಿಸಿದ ದತ್ತಕವೆಂದು ಒಪ್ಪದಿದ್ದರೂ, 1867ರಲ್ಲಿ ಲಂಡನ್ನಿನ ನಿರ್ಣಯವು ರಾಜರ ಪರವಾಗಿ ಬಂದಿತು. ಮರುವರ್ಷ ಮಾರ್ಚಿ 27ರಂದು, ಅಂದರೆ ಮಳವಳ್ಳಿಯ ಕಾಳಗವು ನಡೆದ ತಾರೀಖಿನಂದೇ, ಅವರು ಸ್ವರ್ಗಸ್ಥರಾದರು.

1881ರ ಮಾರ್ಚಿಯಲ್ಲಿ ಚಾಮರಾಜೇಂದ್ರ ಒಡೆಯರಿಗೆ ರಾಜ್ಯವು ಹಿಂದಿರುಗಿತು. ಬೆಂಗಳೂರಿನ ದಂಡಿನ ಪ್ರದೇಶವನ್ನು ಇಂಗ್ಲಿಷರು ತಮ್ಮಲ್ಲಿಟ್ಟುಕೊಂಡು, ಅದಕ್ಕೆ ಪ್ರತಿಯಾಗಿ ಶ್ರೀರಂಗಪಟ್ಟಣದ ದ್ವೀಪವನ್ನು ಆಗಲೇ ಬಿಟ್ಟುಕೊಟ್ಟರು. ಅಲ್ಲಿ ಹುಟ್ಟಿದ ದೊರೆಯು ತೀರಿಕೊಂಡು ಆಗ 13 ವರ್ಷಗಳಾಗಿದ್ದುವು.