ಕೊಳದ ನೀರು ಬಣ್ಣ ಬದಲಿಸಿದರೆ

ಒಂದು ಕಾಲಕ್ಕೆ ಬಿನ್ನಿ ಮಿಲ್ಲಿನ ಮಗ್ಗಗಳ ಸದ್ದು ಕೇಳುತ್ತಿದ್ದ ನಮ್ಮ ಬಿನ್ನಿಪೇಟೆಯಲ್ಲಿ ಈಗ ಎತ್ತರದ ಅಪಾರ್ಟ್‌ಮೆಂಟ್‌ಗಳು, ಅಂಗಳದಲ್ಲಿ ಈಜುಕೊಳಗಳು. ರಜೆ ಬಂತೆಂದರೆ ಮೊಮ್ಮಕ್ಕಳು ನೀರಿಗೆ, ಅಜ್ಜ-ಅಜ್ಜಿ ಪಕ್ಕದ ಕುರ್ಚಿಗೆ. ಕಾವಲು ಕೂತವರಿಗೆ ನೀರಿನ ಗುಣ ಗುರುತಿಸಲು ಬಂದರೆ ಒಳ್ಳೆಯದು.

ನೀರು ಕೆಟ್ಟರೆ ಚೆಲ್ಲಿ ಹೊಸದು ತುಂಬಿಸೋಣ ಎನ್ನುವ ಕಾಲ ಇದಲ್ಲ. 2024ರ ಮಾರ್ಚ್‌ನಲ್ಲಿ ನೀರಿಗೆ ತತ್ವಾರವಾದಾಗ ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ತಪ್ಪಿದರೆ 5,000 ರೂಪಾಯಿ ದಂಡ ಎಂದಿತ್ತು. ಮಕ್ಕಳೇ, ಲೆಕ್ಕ ಹಾಕಿ: 10 ಮೀಟರ್ ಉದ್ದ, 5 ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳದ ಸಣ್ಣ ಕೊಳದಲ್ಲೇ 60,000 ಲೀಟರ್ ನೀರು. ಅಂದರೆ 6,000 ಲೀಟರಿನ ಹತ್ತು ಟ್ಯಾಂಕರ್! ರೋಗ ಗುರುತಿಸಿ ಮದ್ದು ಮಾಡುವುದೇ ಜಾಣತನ.

ಹಸಿರು ನೀರು

ನೀರು ಹಸಿರಾಗಿ, ಗೋಡೆ ಜಾರುತ್ತಿದ್ದರೆ ಅದು ಪಾಚಿ. ಕ್ಲೋರಿನ್ ಕರಗಿಹೋಗಿದೆ ಎಂದರ್ಥ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಡೈವಿಂಗ್ ಕೊಳ ರಾತ್ರೋರಾತ್ರಿ ಹಸಿರಾಗಿತ್ತು. ಯಾರೋ ಸುರಿದ 80 ಲೀಟರ್ ಹೈಡ್ರೋಜನ್ ಪೆರಾಕ್ಸೈಡ್ ಕ್ಲೋರಿನ್ನಿನ ಶಕ್ತಿಯನ್ನೇ ಅಳಿಸಿತ್ತು. ಮದ್ದು: ಗೋಡೆ ಉಜ್ಜಿ, ಕ್ಲೋರಿನ್ ಹಾಕಿ, ಫಿಲ್ಟರ್ ಬಿಡದೆ ಓಡಿಸುವುದು. ಬಿಸಿಲು ಕ್ಲೋರಿನ್ನನ್ನು ಬೇಗ ತಿನ್ನುತ್ತದೆ, ಸಂಜೆ ಹಾಕಬೇಕು.

ಕಂದು ನೀರು

ತಿಳಿಯಾಗಿದ್ದ ಬೋರ್‌ವೆಲ್ ನೀರು ಕ್ಲೋರಿನ್ ಬಿದ್ದೊಡನೆ ಕಂದಾದರೆ ಅದು ಪಾಚಿಯಲ್ಲ, ನೀರಿನಲ್ಲಿದ್ದ ಕಬ್ಬಿಣ ತುಕ್ಕಾದದ್ದು. ಇಲ್ಲಿ ಇನ್ನಷ್ಟು ಕ್ಲೋರಿನ್ ಸುರಿದು ಫಲವಿಲ್ಲ. ತುಕ್ಕನ್ನು ಫಿಲ್ಟರ್‌ನಲ್ಲಿ ಹಿಡಿದು, ಫಿಲ್ಟರನ್ನು ಆಗಾಗ ಬ್ಯಾಕ್‌ವಾಷ್ ಮಾಡಬೇಕು.

ಮಬ್ಬು ನೀರು

ಫಿಲ್ಟರ್ ಕಟ್ಟಿಕೊಂಡರೆ, ಅಥವಾ ಗಡಸು ನೀರಿನ ಪಿಎಚ್ ಏರಿ ಸುಣ್ಣದಂಶ ಬೇರ್ಪಟ್ಟರೆ ನೀರು ಹಾಲಿನಂತೆ ಮಬ್ಬಾಗುತ್ತದೆ. ತಳದ ಜಾಲರಿ ಸ್ಪಷ್ಟವಾಗಿ ಕಾಣದಿದ್ದರೆ ಯಾರನ್ನೂ ಇಳಿಸಬೇಡಿ. ಮುಳುಗಿದ ಮಗುವೂ ಕಾಣುವುದಿಲ್ಲ.

ಘಾಟು, ಕಣ್ಣುರಿ

ಘಾಟು ಬಂದರೆ ಕ್ಲೋರಿನ್ ಹೆಚ್ಚಾಯಿತು ಎನ್ನುವವರೇ ಬಹಳ. ಸಾಮಾನ್ಯವಾಗಿ ಆಗಿರುವುದು ಬೇರೆ. ಬೆವರು, ಮೂತ್ರದೊಡನೆ ಕ್ಲೋರಿನ್ ಸೇರಿ ಕ್ಲೋರಮೈನ್ ಆಗುತ್ತದೆ. ಘಾಟು, ಕಣ್ಣುರಿ ಅದರದೇ. ರೋಗಾಣು ಕೊಲ್ಲುವ ಕ್ಲೋರಿನ್ ಆಗ ಕಡಿಮೆಯೇ ಉಳಿದಿರಬಹುದು. ನೀರಿಗಿಳಿಯುವ ಮುನ್ನ ಶೌಚಾಲಯಕ್ಕೆ ಹೋಗಿ, ಸ್ನಾನ ಮಾಡುವುದು ಇದಕ್ಕೇ.

ಅಳತೆ ಎಷ್ಟು?

ಪಿಎಚ್ 7.2ರಿಂದ 7.6, ಕ್ಲೋರಿನ್ ಲೀಟರಿಗೆ 1ರಿಂದ 3 ಮಿಲಿಗ್ರಾಂ ಇದ್ದರೆ ನೀರು ಹಿತ. ಪಿಎಚ್ 8 ದಾಟಿದರೆ ಕ್ಲೋರಿನ್ ಇದ್ದೂ ಕೈಲಾಗದು. ನಮ್ಮ ಸಣ್ಣ ಕೊಳದಲ್ಲಿ ಒಂದು ಮಿಲಿಗ್ರಾಂ ಏರಿಸಲು 60 ಗ್ರಾಂ ಕ್ಲೋರಿನ್ ಬೇಕು. ಬ್ಲೀಚಿಂಗ್ ಪೌಡರಿನಲ್ಲಿ ಅದು ಸುಮಾರು ಮೂರನೇ ಒಂದು ಭಾಗ. ಹಾಗಾಗಿ 180 ಗ್ರಾಂ ಪುಡಿ. ಆದರೆ ಈ ಕೆಲಸ ಬಲ್ಲವರದು, ಮಕ್ಕಳದಲ್ಲ. ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಬೆರೆತರೆ ವಿಷಾನಿಲ ಏಳುತ್ತದೆ. ಎರಡನ್ನೂ ಒಂದೇ ಬಕೆಟ್ಟಿಗೆ ಹಾಕಲೇಬಾರದು.

ಬ್ಯಾಂಕಿನ ಲೆಡ್ಜರಿನಂತೆ ಕೊಳಕ್ಕೂ ಒಂದು ಪುಸ್ತಕವಿರಲಿ: ದಿನಾಂಕ, ಪಿಎಚ್, ಕ್ಲೋರಿನ್, ಸಹಿ. ಅಜ್ಜ-ಅಜ್ಜಿಯರೇ, ಟವೆಲ್ ಹಿಡಿದು ಹೊರಡುವಾಗ ಆ ದಿನದ ಸಾಲು ನೋಡಿ. ಖಾಲಿಯಿದ್ದರೆ ಕೇಳಿ, ಉತ್ತರ ಬಂದ ಮೇಲೆಯೇ ಮೊಮ್ಮಕ್ಕಳನ್ನು ನೀರಿಗೆ ಬಿಡಿ.