ಊತಕ್ಕೂ ಒಂದು ವೇಳಾಪಟ್ಟಿ

ಬುದ್ಧಿಹಲ್ಲು ಕೀಳಿಸಿಕೊಂಡವರಲ್ಲಿ ಅನೇಕರು ನೋವು ತಡೆಯಲಾರದಷ್ಟು ಆದಮೇಲೇ ಮಾತ್ರೆಗೆ ಕೈಹಾಕುತ್ತಾರೆ. ಸಹನೆ ದೊಡ್ಡ ಗುಣವಿರಬಹುದು, ಇಲ್ಲಿ ಮಾತ್ರ ಅದು ಕೆಲಸಕ್ಕೆ ಬಾರದು. ವಸಡು ಸೀಳಿ, ಕೆಲವೊಮ್ಮೆ ಮೂಳೆಯನ್ನೂ ಕೊರೆದು ಹಲ್ಲು ತೆಗೆದ ಜಾಗದಲ್ಲಿ ದೇಹವು ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕವನ್ನು ತಯಾರಿಸತೊಡಗುತ್ತದೆ. ನೋವು, ಊತ ಎರಡಕ್ಕೂ ಅದರ ಕುಮ್ಮಕ್ಕಿದೆ. ಐಬುಪ್ರೊಫೆನ್ ತಡೆಯುವುದು ಈ ತಯಾರಿಕೆಯನ್ನೇ. ಆದ್ದರಿಂದ ಇಂಜೆಕ್ಷನ್ನಿನ ಜೋಮು ಇಳಿಯುವ ಮುಂಚೆಯೇ ಮೊದಲ ಮಾತ್ರೆ ಹೊಟ್ಟೆಯಲ್ಲಿರಬೇಕು. ಆಮೇಲೆ ಎರಡು ಮೂರು ದಿನ ವೈದ್ಯರು ಹೇಳಿದ ವೇಳೆಗೆ ಸರಿಯಾಗಿ ನುಂಗಬೇಕು. ಬುದ್ಧಿಹಲ್ಲಿನ ನೋವಿಗೆ 1000 ಮಿ.ಗ್ರಾಂ ಪ್ಯಾರಾಸಿಟಮಾಲ್‌ಗಿಂತ 400 ಮಿ.ಗ್ರಾಂ ಐಬುಪ್ರೊಫೆನ್ ಮೇಲೆಂದು ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2013ರ ಪರಾಮರ್ಶೆ ಕಂಡುಕೊಂಡಿತು. ಎರಡೂ ಸೇರಿದರೆ ಪರಿಣಾಮ ಇನ್ನೂ ಚೆನ್ನ. ನೋವಿನ ಮಾತ್ರೆ ಹೊಟ್ಟೆ, ಕಿಡ್ನಿ ಕೆಡಿಸುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಅಸ್ತಮಾ ಇರುವವರು, ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಐಬುಪ್ರೊಫೆನ್ ಮುಟ್ಟಬಾರದು. ಉಳಿದವರಿಗೆ ಊಟದ ನಂತರ ಕೆಲವೇ ದಿನ ನುಂಗುವ ಮಾತ್ರೆಯಿಂದ ಅಷ್ಟೊಂದು ಭಯವಿಲ್ಲ. ಭಯಪಡಬೇಕಾದದ್ದು ಬೇರೆಯದಕ್ಕೆ: ಕಾಂಬಿಫ್ಲಾಮ್‌ನಲ್ಲಿ ಆಗಲೇ ಪ್ಯಾರಾಸಿಟಮಾಲ್ ಇರುತ್ತದೆ, ಅದು ಗೊತ್ತಿಲ್ಲದೆ ಮೇಲೊಂದು ಡೋಲೊ (ಅದೂ ಪ್ಯಾರಾಸಿಟಮಾಲೇ) ನುಂಗುವವರು ಲೆಕ್ಕ ತಪ್ಪುತ್ತಾರೆ.

ಊತದ ವಿಷಯದಲ್ಲಿ ಗಾಬರಿಯೇ ಹೆಚ್ಚು. ಮರುದಿನ ಕನ್ನಡಿಯಲ್ಲಿ ಕೆನ್ನೆ ನಿನ್ನೆಗಿಂತ ದಪ್ಪಗೆ ಕಾಣುತ್ತದೆ, ಬಾಯಿ ಎರಡು ಬೆರಳಗಲವೂ ತೆರೆಯುವುದಿಲ್ಲ. ಕೀವಾಗಿದೆಯೆಂದುಕೊಂಡು ಮೆಡಿಕಲ್ ಶಾಪಿನಿಂದ ಆಂಟಿಬಯಾಟಿಕ್ ತರಿಸುವುದು ಆಗಲೇ. ಆದರೆ ಊತ ತುದಿ ಮುಟ್ಟುವುದೇ 48ರಿಂದ 72 ಗಂಟೆಗಳ ನಡುವೆ. ಗಾಯ ಮಾಯುವ ಕ್ರಮವೇ ಅದು, ಸೋಂಕಲ್ಲ. ಮುನ್ನೆಚ್ಚರಿಕೆಗೆ ಕೊಟ್ಟ ಆಂಟಿಬಯಾಟಿಕ್ ಸೋಂಕನ್ನು ಕಡಿಮೆ ಮಾಡುವುದು ನಿಜ. ಆದರೆ ಆರೋಗ್ಯವಂತರಲ್ಲಿ ಒಬ್ಬರಿಗೆ ಸೋಂಕು ತಪ್ಪಿಸಲು ಸುಮಾರು 19 ಮಂದಿ ಅದನ್ನು ನುಂಗಬೇಕಾಗುತ್ತದೆ ಎಂಬುದೂ ಕಾಕ್ರೇನ್ ಲೆಕ್ಕವೇ. ಬೇಕೋ ಬೇಡವೋ ಎಂದು ಹೇಳಬೇಕಾದವರು ದಂತವೈದ್ಯರು, ಅಂಗಡಿಯವರಲ್ಲ. ಮೊದಲ ದಿನ ಬಟ್ಟೆಯಲ್ಲಿ ಸುತ್ತಿದ ಐಸನ್ನು ಬಿಟ್ಟುಬಿಟ್ಟು ಕಾಲು ಗಂಟೆ ಕೆನ್ನೆಗೆ ಒತ್ತಿಕೊಂಡರೆ ಹಿತವೆನಿಸುತ್ತದೆ. ಊತ ಎಷ್ಟು ಇಳಿಯುತ್ತದೆ ಎನ್ನುವುದಕ್ಕೆ ಪುರಾವೆ ಗಟ್ಟಿಯಿಲ್ಲದಿದ್ದರೂ ನಷ್ಟವಂತೂ ಇಲ್ಲ. ಉಪ್ಪುನೀರು ಮುಕ್ಕಳಿಸುವುದು ಮರುದಿನದಿಂದ.

ಮೊದಲ ದಿನವೇ ಜೋರಾಗಿ ಮುಕ್ಕಳಿಸಿದರೆ, ಉಗುಳಿದರೆ, ಸ್ಟ್ರಾದಲ್ಲಿ ಎಳನೀರು ಹೀರಿದರೆ ಕುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತುಬರಬಹುದು. ಬೀಡಿ ಸಿಗರೇಟು ಇನ್ನೂ ಕೆಟ್ಟದ್ದು. ಇಳಿಯುತ್ತಿದ್ದ ನೋವು ಮೂರನೆಯ ದಿನದ ಹೊತ್ತಿಗೆ ತಿರುಗಿಬಿದ್ದು ಕಿವಿಯವರೆಗೆ ಸಿಡಿಯುತ್ತಿದ್ದರೆ, ಬಾಯಿ ವಾಸನೆ ಬರುತ್ತಿದ್ದರೆ ಅದು ಡ್ರೈ ಸಾಕೆಟ್, ಅಂದರೆ ಹೆಪ್ಪು ಕಳೆದುಕೊಂಡ ಕುಳಿ, ಇದ್ದೀತು. ದಂತವೈದ್ಯರು ಕುಳಿ ತೊಳೆದು ಔಷಧಿ ತುಂಬಬೇಕು. ಮೂರು ದಿನ ಕಳೆದ ಮೇಲೂ ಊತ ಏರುತ್ತಿದ್ದರೆ, ಜ್ವರ ಬಂದರೆ, ಕೀವು ಕಂಡರೆ ಅಂದೇ ವೈದ್ಯರಿಗೆ ತೋರಿಸಿ. ನುಂಗುವುದಕ್ಕೋ ಉಸಿರಾಡುವುದಕ್ಕೋ ಕಷ್ಟವಾದರೆ ರಾತ್ರಿಯಾಗಿದ್ದರೂ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ.