ಕುಮ್ಕಿ ಗುಡ್ಡೆಯ ವಕೀಲರು
ಪುತ್ತಿಗೆಯ ವರ್ಗದಾರರಿಗೆ ಕುಮ್ಕಿ ಅಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ವರ್ಗ ಜಾಗಕ್ಕೆ ತಾಗಿದ 100 ಗಜದೊಳಗಿನ ಗುಡ್ಡೆ. ಸೊಪ್ಪು ಕಡಿಯಬಹುದು, ದನ ಮೇಯಿಸಬಹುದು. ಜಾಗ ಮಾತ್ರ ಸರಕಾರದ್ದು. ಈ 'ಮಾತ್ರ'ದಲ್ಲೇ ತಕರಾರು ಹುಟ್ಟುವುದು. ಬೇಲಿ ಮುಂದೆ ಸರಿಯಿತು, ತಾಲೂಕು ಕಚೇರಿಯ ನೋಟೀಸು ಬಂತು, ಗುಡ್ಡೆ ಕೋರ್ಟು ಹತ್ತಿತು ಅಂತ ಇಟ್ಟುಕೊಳ್ಳಿ. ಗುಡ್ಡೆಯ ಪರ ಎದ್ದು ನಿಲ್ಲುವವರೇ ಸರಕಾರಿ ವಕೀಲರು.

ಕೊಲೆ, ಕಳ್ಳತನದ ಕೇಸು ನಡೆಸುವ ಪಬ್ಲಿಕ್ ಪ್ರಾಸಿಕ್ಯೂಟರರ ಕೆಲಸ ಬೇರೆ. ಇವರದು ಸಿವಿಲ್: ಜಾಗ, ರಸ್ತೆ, ಪರಿಹಾರ, ಕಂಟ್ರಾಕ್ಟಿನ ಬಾಕಿ. ಉಳಿದ ವಕೀಲರ ಕಕ್ಷಿದಾರ ಎದುರು ಕೂತು ಕಥೆ ಹೇಳುತ್ತಾನೆ. ಇವರ ಕಕ್ಷಿದಾರ ಒಂದು ಕಡತ, ಅದಕ್ಕೆ ಬಾಯಿಲ್ಲ. ನಕ್ಷೆ, ದಾಖಲೆ, ದಾವೆಯ ಪ್ರತಿ ಪ್ಯಾರಾಕ್ಕೆ ಇಲಾಖೆಯ ಉತ್ತರ ಬಂದರೆ ವಾದ, ಬಾರದಿದ್ದರೆ ವಾಯಿದೆ. ತಡವಾದರೆ ಕೋರ್ಟಿನಲ್ಲಿ ಮಾತು ಕೇಳುವುದು ಕರಿ ಕೋಟು, ಕಡತ ಮಲಗಿದ್ದ ಮೇಜಲ್ಲ!

ಸರಕಾರದ ಮೇಲೆ ದಾವೆ ಹಾಕುವವರು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಂತೆ ಎರಡು ತಿಂಗಳ ನೋಟೀಸು ಕೊಡಬೇಕು, ಜಿಲ್ಲಾಧಿಕಾರಿಗೆ ಇಲ್ಲವೇ ಸರಕಾರದ ಕಾರ್ಯದರ್ಶಿಗೆ. ತುರ್ತಿದ್ದರೆ ಕೋರ್ಟಿನ ಅನುಮತಿ ಪಡೆಯಬೇಕು. ಎರಡು ತಿಂಗಳು ಯಾಕೆ? ತಪ್ಪಿದ್ದರೆ ಕಚೇರಿಯಲ್ಲೇ ಸರಿಯಾಗಲಿ ಅಂತ. ಆದರೆ ಹೆಚ್ಚಿನ ನೋಟೀಸಿಗೆ ಉತ್ತರವೇ ಹೋಗುವುದಿಲ್ಲ ಎಂದು 2005ರಲ್ಲಿ ಸುಪ್ರೀಂ ಕೋರ್ಟೇ ಆಕ್ಷೇಪಿಸಿ, ಉತ್ತರ ಕೊಡಲೆಂದೇ ಅಧಿಕಾರಿಯನ್ನು ನೇಮಿಸಿ ಎಂದಿತು.

ಆ ಎರಡು ತಿಂಗಳಲ್ಲಿ ಕಡತ ವಕೀಲರ ಕೈಗೆ ಬಂದರೆ, "ಇದು ನಿಲ್ಲುವ ಕೇಸಲ್ಲ, ಮುಗಿಸಿಬಿಡಿ" ಎಂದು ಹೇಳಬಹುದು. ಹೇಳುವುದಷ್ಟೇ ಅವರ ಕೆಲಸ, ಒಪ್ಪಬೇಕಾದ್ದು ಇಲಾಖೆ. ಅದು ಒಪ್ಪುವವರೆಗೆ ಬೇಲಿಯವರಿಗೆ ವಾಯಿದೆ ವಾಯಿದೆಗೂ ಬಸ್ ಚಾರ್ಜು.